375 ಮ್ಯಾಗ್ನಮ್ ದೊಡ್ಡ ಕಾರ್ಟ್ರಿಜ್ ಹೌದು, ಆದ್ರೆ 500 ಗಜದ ಬೇಟೆಗೆ ಸರಿ ಹೋಗುತ್ತಾ?

ತೊಗರಿಹೊಲ, ಕಲಬುರಗಿ

ಎಲ್ಲರಿಗೂ ಶರಣು ಶರಣಾರ್ಥಿ. ಬಂದೂಕಿನ ವಿಷಯ ಚೆನ್ನಾಗಿ ಬಲ್ಲವರು ಇಲ್ಲಿ ಮೂರ್ನಾಲ್ಕು ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಇಲ್ಲಿ ಕೇಳ್ತಾ ಇದ್ದೀನಿ. ಸ್ವಲ್ಪ ಉದ್ದ ಆಗುತ್ತೆ.

ನನ್ನ ತಮ್ಮ ಹನ್ನೆರಡು ವರ್ಷದಿಂದ ಅಮೆರಿಕದ ಕೊಲೊರಾಡೋದಲ್ಲಿದ್ದಾನೆ. ಅಲ್ಲಿ ಲೈಸೆನ್ಸ್ ತಗೊಂಡು ಬೇಟೆ ಆಡೋದಕ್ಕೆ ಅವಕಾಶ ಇದೆ. ಅಕ್ಟೋಬರ್, ನವೆಂಬರ್‌ನಲ್ಲಿ ರೈಫಲ್ ಸೀಸನ್. ಎಲ್ಕ್ ಅಂದ್ರೆ ನಮ್ಮ ಕಡವೆಯ ಬಳಗದ್ದೇ ಪ್ರಾಣಿ, ಬಲಿತ ಗಂಡು ಸುಮಾರು 300 ಕಿಲೋ ತೂಗುತ್ತೆ. ಹೋದ ಎರಡು ವರ್ಷ ಗೆಳೆಯನ 30-06 ರೈಫಲ್ ತಗೊಂಡು ಹೋಗಿದ್ದ. ಒಂದು ಸಲ ಖಾಲಿ ಕೈಯಲ್ಲಿ ಬಂದ, ಒಂದು ಸಲ 150 ಗಜದಲ್ಲಿ ಹೊಡೆದ, ವರ್ಷಪೂರ್ತಿ ಅದೇ ಮಾಂಸ ತಿಂದರು.

ಈಗ ಅವನ ಪಕ್ಕದ ಮನೆಯ ಹಿರಿಯರೊಬ್ಬರು ಬೇಟೆ ಬಿಡ್ತಾ ಇದ್ದಾರೆ. ಅವರ ಹತ್ರ ಇರೋ 375 ಹಾಲಂಡ್ ಅಂಡ್ ಹಾಲಂಡ್ ಮ್ಯಾಗ್ನಮ್ ರೈಫಲ್ ಕಡಿಮೆ ಬೆಲೆಗೆ ಕೊಡ್ತೀನಿ ಅಂದಿದ್ದಾರೆ, ಜೊತೆಗೆ 300 ಗ್ರೇನ್ ಗುಂಡಿನ ಎರಡು ಡಬ್ಬಿ ಕಾರ್ಟ್ರಿಜ್ (ಗುಂಡು, ಮದ್ದು ಒಟ್ಟಿಗೆ ಇರೋ ತೋಟಾ; ಗ್ರೇನ್ ಅನ್ನೋದು ಗುಂಡಿನ ತೂಕದ ಅಳತೆ). ಈ ವರ್ಷ ಅವನು ಹೋಗೋ ಜಾಗದಲ್ಲಿ ಕಣಿವೆಯ ಈ ದಂಡೆಯಿಂದ ಆ ದಂಡೆಗೆ ಹೊಡೀಬೇಕಾಗುತ್ತಂತೆ, 400ರಿಂದ 500 ಗಜ. ಜೊತೆಯವರು "ಆನೆ ಕೆಡವೋ ಕಾರ್ಟ್ರಿಜ್ ಅದು, ಎಲ್ಕ್ ಯಾವ ಲೆಕ್ಕ" ಅಂತಿದ್ದಾರೆ. ಎಷ್ಟು ದೂರಕ್ಕೆ ಗುಂಡಿನ ವೇಗ, ಶಕ್ತಿ ಎಷ್ಟು ಉಳಿಯುತ್ತೆ ಅನ್ನೋ ಟೇಬಲ್ ಅವನು ನನಗೆ ಕಳಿಸಿದ. ಅದರ ಪ್ರಕಾರ 500 ಗಜದಲ್ಲೂ ಈ ಗುಂಡಿನಲ್ಲಿ ಸುಮಾರು 1680 ಅಡಿ-ಪೌಂಡ್ ಶಕ್ತಿ ಉಳಿದಿರುತ್ತೆ. ಎಲ್ಕ್‌ಗೆ 1500 ಇದ್ರೆ ಸಾಕು ಅನ್ನೋ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಹಂಗಾದ್ರೆ ಪಾಸ್ ಆಯ್ತು ಅಲ್ವಾ?

ಆದ್ರೂ ನನ್ನ ಮನಸ್ಸು ಒಪ್ಪುತ್ತಿಲ್ಲ. ಕಾರಣ ನಮ್ಮ ಮುತ್ಯಾ. ನಿಜಾಮರ ಕಾಲದಿಂದ ಮನೆಯಲ್ಲಿ ಇದೇ 375 ಇತ್ತು, ಈಗ ಆಳಂದದ ಕಾಕಾ ಹತ್ರ ಲೈಸೆನ್ಸಿನ ಮೇಲೆ ಇದೆ, ಎಲೆಕ್ಷನ್ ಬಂದಾಗಲೆಲ್ಲ ಠಾಣೆಗೆ ಹೋಗಿ ಬರುತ್ತೆ. ಮುತ್ಯಾ ತನ್ನ ಹಳೇ ದಿನದ ಮಾತು ತೆಗೆದಾಗ "ಹತ್ತಿರ ಹೋಗಬೇಕಪ್ಪಾ, ತೋಟಾ ದೊಡ್ಡದೈತಿ ಅಂತ ದೂರ ನಿಂತು ಹೊಡಿಬಾರದು" ಅಂತಿದ್ದರು. ಆಗ ನಾನು ಸಣ್ಣವನು, ಯಾಕೆ ಅಂತ ಕೇಳಲಿಲ್ಲ. ಈಗ ಕೇಳೋಣ ಅಂದ್ರೆ ಅವರಿಲ್ಲ.

ಅಂಗಡಿಯಲ್ಲಿ 300 ವಿಂಚೆಸ್ಟರ್ ಮ್ಯಾಗ್ನಮ್ ಅನ್ನೋ ಇನ್ನೊಂದು ಕಾರ್ಟ್ರಿಜ್ ಹಾಕೋ ರೈಫಲ್ ಕೂಡ ಇದೆಯಂತೆ, ಬೆಲೆ ಜಾಸ್ತಿ. ಒಂದು ಕಾರ್ಟ್ರಿಜ್ ದೂರಕ್ಕೆ ಸರಿಯೋ ಇಲ್ಲವೋ ಅಂತ ನೋಡೋದು ಹೇಗೆ? ದಯವಿಟ್ಟು ತಿಳಿದವರು ಹೇಳಿ.

ಹಳೇಬಂದೂಕು, ಬೀದರ್

ತಮ್ಮಾ, ಕಣ್ಣು ಮುಚ್ಚಿಕೊಂಡು ತಗೋ ಅಂತ ಹೇಳು. 1912ರಲ್ಲಿ ಬಂದ ಕಾರ್ಟ್ರಿಜ್, ನೂರು ವರ್ಷ ದಾಟಿದ್ರೂ ಇವತ್ತಿಗೂ ತಯಾರಾಗುತ್ತಿದೆ. ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಆನೆ, ಕಾಡೆಮ್ಮೆಗೆ ಕನಿಷ್ಠ ಇದಾದ್ರೂ ಇರಬೇಕು ಅಂತ ನಿಯಮ. 300 ಗ್ರೇನ್ ಅಂದ್ರೆ ಹತ್ತೊಂಬತ್ತೂವರೆ ಗ್ರಾಂ ತೂಕದ ಗುಂಡು ಸೆಕೆಂಡಿಗೆ 2530 ಅಡಿ ವೇಗದಲ್ಲಿ ಹೊರಡುತ್ತೆ, ನಳಿಗೆ ಬಾಯಲ್ಲಿ 4260 ಅಡಿ-ಪೌಂಡ್. ಇಷ್ಟು ತೂಕ ಇರೋ ಗುಂಡು ಗಾಳಿಗೆ ಅಷ್ಟು ಬೇಗ ಬಗ್ಗಲ್ಲ. ನಾನು ಹಳೇ ರೈಫಲ್‌ಗಳ ಬಗ್ಗೆ ಓದೋದು ಜಾಸ್ತಿ, ಹೊಡೆದಿದ್ದು ಕಡಿಮೆ, ಆದ್ರೆ ಈ ಕಾರ್ಟ್ರಿಜ್ ಮೇಲೆ ನನಗೆ ತುಂಬಾ ಗೌರವ ಇದೆ.

ಶಹಾಪುರದ ಮೇಷ್ಟ್ರು

ಬೀದರ್ ಅಣ್ಣನವರ ಗೌರವ ನನಗೂ ಇದೆ. ಆದ್ರೆ "ತೂಕ ಇದೆ, ಗಾಳಿಗೆ ಬಗ್ಗಲ್ಲ" ಅನ್ನೋ ಮಾತು ಅರ್ಧ ಮಾತ್ರ ಸರಿ. ನಾನು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡ್ತೀನಿ, ಬಂದೂಕು ಹಿಡಿದವನಲ್ಲ. ಈ ಪ್ರಶ್ನೆ ಓದಿದ ಮೇಲೆ ನಿನ್ನೆ ರಾತ್ರಿ ಕೂತು ಎರಡೂ ಕಾರ್ಟ್ರಿಜ್ ಲೆಕ್ಕ ಹಾಕಿದೆ. ನಿದ್ದೆ ಹೋಯ್ತು, ಆದ್ರೆ ಬಹಳ ಖುಷಿ ಆಯ್ತು.

ಗುಂಡು ಗಾಳಿಯನ್ನು ಎಷ್ಟು ಚೆನ್ನಾಗಿ ಸೀಳಿಕೊಂಡು ಹೋಗುತ್ತೆ ಅನ್ನೋದಕ್ಕೆ ಒಂದು ಸಂಖ್ಯೆ ಇದೆ, ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್ ಅಂತಾರೆ, ಡಬ್ಬಿ ಮೇಲೆ ಬಿ.ಸಿ. (BC) ಅಂತ ಬರೆದಿರುತ್ತಾರೆ. ಅದರಲ್ಲಿ ತೂಕ ಒಂದೇ ಅಲ್ಲ, ದಪ್ಪ ಎಷ್ಟು, ಮೂಗು ಎಷ್ಟು ಚೂಪು ಅನ್ನೋದೂ ಸೇರುತ್ತೆ. 375ರ ಗುಂಡು ಭಾರ ಹೌದು, ಆದ್ರೆ ದಪ್ಪನೂ ಹೌದು, ಒಂಬತ್ತೂವರೆ ಮಿಲಿಮೀಟರ್. ಅದರ 300 ಗ್ರೇನ್ ಚೂಪು ಗುಂಡಿಗೆ ಬಿ.ಸಿ. ಸುಮಾರು 0.40. ಆನೆ, ಎಮ್ಮೆಗೆ ಅಂತ ಮಾಡೋ ದುಂಡು ಮೂಗಿನ ಗುಂಡಾದ್ರೆ ಇನ್ನೂ ಕಡಿಮೆ, 0.28ರ ಹತ್ರ. ಅದೇ 300 ವಿಂಚೆಸ್ಟರ್ ಮ್ಯಾಗ್ನಮ್‌ನ 180 ಗ್ರೇನ್ ಗುಂಡಿಗೆ ಸುಮಾರು 0.44. ತೂಕದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಸ್ವಲ್ಪ ಮೇಲೆ, ಆದ್ರೂ ಗಾಳಿಯಲ್ಲಿ ಅದೇ ಚೆನ್ನಾಗಿ ಹೋಗುತ್ತೆ.

ಈಗ ಅಡ್ಡಗಾಳಿ. ಎಲ್ಲರೂ ಅಂದುಕೊಳ್ಳೋದು ಗುಂಡು ಎಷ್ಟು ಹೊತ್ತು ಗಾಳಿಯಲ್ಲಿ ಇರುತ್ತೋ ಅಷ್ಟು ಹೊತ್ತೂ ಗಾಳಿ ಅದನ್ನ ತಳ್ಳುತ್ತೆ ಅಂತ. ಹಾಗಲ್ಲ. ಗಾಳಿಯ ತಡೆಯೇ ಇಲ್ಲದಿದ್ರೆ ಎಷ್ಟು ಹೊತ್ತಲ್ಲಿ ಮುಟ್ಟಬೇಕಿತ್ತು, ನಿಜವಾಗಿ ಎಷ್ಟು ಹೊತ್ತು ತಗೊಂಡಿತು, ಆ ಎರಡರ ನಡುವಿನ ತಡ ಇದೆಯಲ್ಲ, ಅದನ್ನ ಗಾಳಿಯ ವೇಗದಿಂದ ಗುಣಿಸಿದ್ರೆ ಗುಂಡು ಪಕ್ಕಕ್ಕೆ ಸರಿದ ಲೆಕ್ಕ ಸಿಗುತ್ತೆ. 500 ಗಜ ಅಂದ್ರೆ 1500 ಅಡಿ. 375ರ ಗುಂಡು ಮೊದಲಿನ ವೇಗದಲ್ಲೇ ಹೋಗಿದ್ರೆ 0.59 ಸೆಕೆಂಡ್ ಸಾಕಿತ್ತು. ನಿಜವಾಗಿ ತಗೊಳ್ಳೋದು ಸುಮಾರು 0.75. ತಡ 0.16 ಸೆಕೆಂಡ್. ಗಂಟೆಗೆ 10 ಮೈಲಿ ಗಾಳಿ ಅಂದ್ರೆ ಸೆಕೆಂಡಿಗೆ 14.7 ಅಡಿ. ಗುಣಿಸಿ ನೋಡಿ, ಎರಡೂಕಾಲು ಅಡಿ ಮೇಲೆ. 300 ವಿಂಚೆಸ್ಟರ್‌ದು ಅದೇ ಲೆಕ್ಕದಲ್ಲಿ ತಡ 0.11, ಸರಿಯೋದು ಒಂದು ಅಡಿ ಎಂಟು ಇಂಚು.

ಹತ್ತು ಮೈಲಿ ಗಾಳಿ ದೊಡ್ಡ ಗಾಳಿ ಏನಲ್ಲ ರೀ. ನಮ್ಮ ಕಡೆ ಸಂಜೆ ರಾಶಿ ತೂರೋಕೆ ಕಾಯ್ತಾರಲ್ಲ, ಅಷ್ಟು ಗಾಳಿ.

ಕೆಳಕ್ಕೆ ಬೀಳೋದೂ ಹಾಗೇ. ಎರಡನ್ನೂ 200 ಗಜಕ್ಕೆ ಸರಿಯಾಗಿ ಗುರಿ ಕೂಡಿಸಿಟ್ಟರೆ, 500 ಗಜದಲ್ಲಿ 300 ವಿಂಚೆಸ್ಟರ್ ಗುಂಡು ಸುಮಾರು 40 ಇಂಚು ಕೆಳಗೆ ಹೋಗುತ್ತೆ, 375ರದು 60 ಇಂಚಿನ ಹತ್ರ, ಅಂದ್ರೆ ಒಬ್ಬ ಹುಡುಗನ ಎತ್ತರ. ಕೆಳಗೆ ಬೀಳೋದನ್ನ ಸ್ಕೋಪ್ ತಿರುಗಿಸಿ ಸರಿ ಮಾಡಬಹುದು ಅಂತೀರಿ, ಒಪ್ಪಿದೆ. ಆದ್ರೆ ದೂರ ಅಳೆಯೋದ್ರಲ್ಲಿ 25 ಗಜ ತಪ್ಪಿದ್ರೆ? ಆ ಹಂತದಲ್ಲಿ 375ರ ಗುಂಡು ಎಷ್ಟು ಕಡಿದಾಗಿ ಇಳೀತಾ ಇರುತ್ತೆ ಅಂದ್ರೆ ಅಷ್ಟೇ ತಪ್ಪಿಗೆ ಸುಮಾರು ಆರು ಇಂಚು ಮೇಲೆ ಕೆಳಗೆ ಆಗುತ್ತೆ. ಎಲ್ಕ್‌ನ ಹೃದಯ, ಶ್ವಾಸಕೋಶ ಇರೋ ಜಾಗ ಸುಮಾರು ಒಂದು ಅಡಿ ಅಗಲ ಅಂತ ಓದಿದೆ. ನಡುವಿಗೆ ಗುರಿ ಇಟ್ಟವನಿಗೆ ಸಿಗೋ ಸಡಿಲು ಆರು ಇಂಚು ಮಾತ್ರ.

ಒಂದು ಮಾತು ಬಿಟ್ಟೆ. ಅವರ ಬೆಟ್ಟ 2500, 3000 ಮೀಟರ್ ಎತ್ತರ ಇರುತ್ತೆ, ಗಾಳಿ ತೆಳು. ಗುಂಡು ಪಕ್ಕಕ್ಕೆ ಸರಿಯೋದು, ಕೆಳಕ್ಕೆ ಬೀಳೋದು ಎರಡೂ ಅಲ್ಲಿ ಕಡಿಮೆ ಆಗುತ್ತವೆ, ಎರಡೂ ಕಾರ್ಟ್ರಿಜ್‌ಗೆ.

ಹುಮನಾಬಾದ್ ಬೋರ್‌ವೆಲ್

ಮೇಷ್ಟ್ರು ಹೇಳಿದ್ದು ಗುಂಡು ಮುಟ್ಟೋವರೆಗಿನ ಮಾತು. ಮುಟ್ಟಿದ ಮೇಲೆ ಏನಾಗುತ್ತೆ ಅಂತ ನಾನು ಹೇಳ್ತೀನಿ. ನಾನು ನಾಲ್ಕು ವರ್ಷ ನಮೀಬಿಯಾದಲ್ಲಿ ಬೋರ್ ಕೊರೆಯೋ ಕೆಲಸದಲ್ಲಿದ್ದೆ. ಅಲ್ಲಿ ಹೊಲ ಅಂದ್ರೆ ಸಾವಿರಾರು ಎಕರೆ, ಮಾಲೀಕರು ಪರವಾನಗಿ ಮೇಲೆ ಬೇಟೆ ಆಡಿಸ್ತಾರೆ. ಅಲ್ಲಿನ ಕಾನೂನಿನಲ್ಲಿ ಕಾಡೆಮ್ಮೆ, ಆನೆಗೆ ಕನಿಷ್ಠ 5400 ಜೌಲ್, ಕುಡು ಅನ್ನೋ ದೊಡ್ಡ ಜಿಂಕೆಗೆ 2700 ಜೌಲ್ ಇರಬೇಕು. ಅದೂ ನಳಿಗೆ ಬಾಯಲ್ಲಿ ಅಳೆದ ಲೆಕ್ಕ. 375ರ 4260 ಅಡಿ-ಪೌಂಡ್ ಅಂದ್ರೆ ಸುಮಾರು 5780 ಜೌಲ್, ಇವೆರಡನ್ನೂ ದಾಟುತ್ತೆ.

ಒಂದು ದಿನ ಬಂದಿದ್ದ ಅತಿಥಿಯೊಬ್ಬ 375ರಿಂದ ಒಂದು ಗಂಡು ಕುಡುಗೆ ಹೊಡೆದ. ದೂರ 400 ಗಜ ದಾಟಿತ್ತು. ಡಬ್ಬಿಯಲ್ಲಿದ್ದದ್ದು ಕಾಡೆಮ್ಮೆಗೆ ಅಂತ ಮಾಡಿದ ಗಟ್ಟಿ ಗುಂಡು. ಗುಂಡು ಬಿತ್ತು, ಎಲ್ಲರೂ ನೋಡಿದ್ವಿ, ಪ್ರಾಣಿ ಒಂದು ಸಲ ಬೆನ್ನು ಬಾಗಿಸಿತು, ಆಮೇಲೆ ನಡೆದುಕೊಂಡು ಪೊದೆ ಒಳಗೆ ಹೋಯ್ತು. ಓಡಲೂ ಇಲ್ಲ. ಹೆಜ್ಜೆ ಹಿಡಿಯೋ ಸ್ಥಳೀಯ ಹುಡುಗರಿಬ್ಬರು ಆ ದಿನ ಸಂಜೆವರೆಗೆ, ಮರುದಿನ ಮಧ್ಯಾಹ್ನದವರೆಗೆ ಬೆನ್ನು ಹತ್ತಿದ್ರು. ರಕ್ತ ಎಲ್ಲೋ ಒಂದೊಂದು ಹನಿ, ಎಲೆ ಮೇಲೆ ಕುಂಕುಮ ಇಟ್ಟಷ್ಟು. ಸಿಕ್ಕಾಗ ಇನ್ನೂ ಜೀವ ಇತ್ತು. ಚರ್ಮ ಬಿಚ್ಚಿದಾಗ ನಾನೂ ಪಕ್ಕದಲ್ಲೇ ಇದ್ದೆ. ಒಳಹೋದ ತೂತು ನನ್ನ ಕಿರುಬೆರಳಿನಷ್ಟು, ಹೊರಬಂದ ತೂತೂ ಅಷ್ಟೇ. ಗುಂಡು ಅರಳಿರಲೇ ಇಲ್ಲ, ಪೆನ್ಸಿಲ್ ಚುಚ್ಚಿದ ಹಾಗೆ ಹೋಗಿತ್ತು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಬೇಟೆಯ ಗುಂಡು ಕೆಲಸ ಮಾಡೋದು ಅಣಬೆ ಹಾಗೆ ಅರಳಿ, ಅಗಲ ಆಗಿ, ಒಳಗಿನ ಶ್ವಾಸಕೋಶ ಹರಿದಾಗ. ಅರಳೋಕೆ ವೇಗ ಬೇಕು. ಸಾಮಾನ್ಯ ಬೇಟೆ ಗುಂಡುಗಳಿಗೆ ಸೆಕೆಂಡಿಗೆ ಸುಮಾರು 1800 ಅಡಿ ಇರಬೇಕು ಅಂತ ತಯಾರಕರೇ ಹೇಳ್ತಾರೆ. ದೂರಕ್ಕೇ ಅಂತ ಮಾಡಿದ ಮೆತ್ತಗಿನ ಗುಂಡುಗಳಲ್ಲಿ ಕೆಲವು 1300, 1600ಕ್ಕೂ ಅರಳುತ್ತವೆ. 50 ಗಜದಲ್ಲಿ ಕಾಡೆಮ್ಮೆಯ ಹೆಗಲ ಮೂಳೆ ಒಡೀಲಿ ಅಂತ ಮಾಡಿದ ಗುಂಡು ಬೇಕಂತಲೇ ಗಟ್ಟಿ ಇರುತ್ತೆ. ಅದು ಅದರ ತಪ್ಪಲ್ಲ, ಅದರ ಕೆಲಸವೇ ಬೇರೆ.

ಈಗ ನಿಮ್ಮ ತಮ್ಮನ ಟೇಬಲ್ ಮತ್ತೆ ತೆಗೀರಿ. ಶಕ್ತಿಯ ಸಾಲು ಬಿಡಿ, ಪಕ್ಕದ ವೇಗದ ಸಾಲು ನೋಡಿ. 300 ಗ್ರೇನ್ 375 ಗುಂಡು 500 ಗಜದಲ್ಲಿ ಸೆಕೆಂಡಿಗೆ 1590 ಅಡಿ ಇರುತ್ತೆ. 1800ಕ್ಕೆ ಇಳಿಯೋದು 370 ಗಜದ ಹತ್ರವೇ. 300 ವಿಂಚೆಸ್ಟರ್ 2960ಕ್ಕೆ ಹೊರಟು 500 ಗಜದಲ್ಲಿ ಇನ್ನೂ 1980ರ ಹತ್ರ ಇರುತ್ತೆ, 1800 ಮುಟ್ಟೋದು 600 ಗಜ ಆದ ಮೇಲೆ. ತಮಾಷೆ ಅಲ್ಲ, ನಿಜ ಹೇಳ್ತೀನಿ, 500 ಗಜದಲ್ಲಿ ಶಕ್ತಿ ಲೆಕ್ಕದಲ್ಲಿ 375ದೇ ಜಾಸ್ತಿ, 1680ಕ್ಕೆ 1565. ಶಕ್ತಿ ನೋಡಿದವನು 375 ತಗೋತಾನೆ. ಪ್ರಾಣಿ ಎರಡು ದಿನ ನರಳುತ್ತೆ.

ತೊಗರಿಹೊಲ, ಕಲಬುರಗಿ

ಬೋರ್‌ವೆಲ್ ಅಣ್ಣಾ, ಓದಿ ಒಂದು ಕ್ಷಣ ಸುಮ್ನೆ ಕೂತೆ. ತಮ್ಮನಿಗೆ ಫೋನ್ ಮಾಡಿ ಡಬ್ಬಿ ಮೇಲೆ ಏನಿದೆ ಓದು ಅಂದೆ. ಒಂದು ಡಬ್ಬಿ ದುಂಡು ಮೂಗಿನದು, ಇನ್ನೊಂದು ಚೂಪಿನದು. ಅವನು ಕಳಿಸಿದ ಟೇಬಲ್ ಚೂಪಿನದಂತೆ. ದುಂಡು ಮೂಗಿನದು 300 ಗಜಕ್ಕೇ ಸೆಕೆಂಡಿಗೆ 1700 ಅಡಿಗಿಂತ ಕೆಳಗೆ ಬಂದುಬಿಡುತ್ತೆ. ಇಬ್ಬರೂ ಡಬ್ಬಿ ತೆಗೆದು ನೋಡಿರಲೇ ಇಲ್ಲ.

ಹಾಗಾದ್ರೆ 375ಗೆ ಬೇರೆ ಗುಂಡು ಹಾಕಿದ್ರೆ ಸುಧಾರಿಸುತ್ತಾ?

ಶಹಾಪುರದ ಮೇಷ್ಟ್ರು

ಸುಧಾರಿಸುತ್ತೆ, ಸ್ವಲ್ಪ. 260 ಗ್ರೇನ್‌ನ ಚೂಪು ಗುಂಡು ಒಂದು ಬರುತ್ತೆ, ಬಿ.ಸಿ. 0.47, ಸೆಕೆಂಡಿಗೆ ಸುಮಾರು 2700 ಅಡಿಗೆ ಹೊರಡುತ್ತೆ. ನನ್ನ ಲೆಕ್ಕಕ್ಕೆ ಅದು ಸುಮಾರು 500 ಗಜದವರೆಗೂ 1800ರ ಮೇಲೆ ಇರುತ್ತೆ. ಆಗ ಎರಡರ ನಡುವಿನ ಅಂತರ ಬಹಳ ಕಡಿಮೆ ಆಗುತ್ತೆ. ಅದಕ್ಕೇ "ಈ ಕಾರ್ಟ್ರಿಜ್ ದೂರಕ್ಕೆ ಆಗುತ್ತಾ" ಅಂತ ಕೇಳಿದ್ರೆ ಉತ್ತರ ಸಿಗಲ್ಲ. ಈ ಗುಂಡು, ಈ ವೇಗದಲ್ಲಿ, ಇಷ್ಟು ದೂರಕ್ಕೆ ಅಂತ ಕೇಳಬೇಕು.

ಮಾಜಿ ಹವಾಲ್ದಾರ್, ಭಾಲ್ಕಿ

ಎಲ್ಲರೂ ಗುಂಡಿನ ಬಗ್ಗೆ ಮಾತಾಡಿದ್ರಿ, ಹೊಡೆಯೋನ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಹತ್ತೊಂಬತ್ತು ವರ್ಷ ಸೇನೆಯಲ್ಲಿದ್ದೆ. ಮೊದಲು ಎಸ್‌ಎಲ್‌ಆರ್, ಆಮೇಲೆ ಇನ್ಸಾಸ್, ಎರಡೂ ಸೇನೆಯ ರೈಫಲ್. ಬೇಟೆ ನನಗೆ ಗೊತ್ತಿಲ್ಲ, ರೇಂಜ್ ಗೊತ್ತು. ಅಲ್ಲಿ ನಮಗೆ ಮೊದಲು ಕಲಿಸಿದ್ದು ಮೂರೇ ಮಾತು, ಮಜಬೂತ್ ಪಕಡ್, ದುರುಸ್ತ್ ಶಿಸ್ತ್, ಟ್ರಿಗರ್ ಆಪರೇಷನ್, ಅಂದ್ರೆ ಗಟ್ಟಿ ಹಿಡಿತ, ಸರಿಯಾದ ಗುರಿ, ಟ್ರಿಗರ್ ಎಳೆಯೋ ರೀತಿ. 375 ಈ ಮೂರನ್ನೂ ಕೆಡಿಸುತ್ತೆ, ಯಾಕಂದ್ರೆ ಅದು ಒದೆಯುತ್ತೆ. 30-06 ಒದೆಯೋದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಮೊದಲ ಐದು ಗುಂಡು ಯಾರಾದ್ರೂ ಹೊಡೀತಾರೆ. ಆರನೆಯದಕ್ಕೆ ಹೆಗಲಿಗೆ ಗೊತ್ತಾಗಿರುತ್ತೆ, ಮನಸ್ಸಿಗೂ ಗೊತ್ತಾಗಿರುತ್ತೆ, ಬೆರಳು ಎಳೆಯೋ ಮುಂಚೆ ಕಣ್ಣು ಮುಚ್ಚುತ್ತೆ.

ಇದನ್ನ ಕಂಡುಹಿಡಿಯೋಕೆ ಒಂದು ದಾರಿ ಇದೆ. ನಿಮ್ಮ ತಮ್ಮ ರೇಂಜಿಗೆ ಹೋದಾಗ ಗೆಳೆಯನ ಕೈಗೆ ರೈಫಲ್ ಕೊಟ್ಟು, ನನಗೆ ಗೊತ್ತಾಗದ ಹಾಗೆ ನಡುನಡುವೆ ಡಮ್ಮಿ ರೌಂಡ್ ತುಂಬು ಅಂತ ಹೇಳಲಿ. ಡಮ್ಮಿ ಬಂದಾಗ ಟ್ರಿಗರ್ ಕ್ಲಿಕ್ ಅನ್ನುತ್ತೆ, ಸಿಡಿಯಲ್ಲ. ಆಗ ನಳಿಗೆ ತುದಿ ನೋಡಿ. ಅಲ್ಲಾಡದೆ ನಿಂತ್ರೆ ಒಳ್ಳೇದು. ಒಂದು ಬೆರಳಷ್ಟು ಕೆಳಕ್ಕೆ ಕುಕ್ಕಿದ್ರೆ ಅವನು ಒದೆತಕ್ಕೆ ಹೆದರಿದ್ದಾನೆ ಅಂತ ಅರ್ಥ. ಅಷ್ಟು ಕುಕ್ಕಿದವನ ಗುಂಡು 100 ಗಜದಲ್ಲೇ ದಾರಿ ತಪ್ಪಿರುತ್ತೆ, 500 ಗಜದ ಮಾತು ಬೇಡ. ನನ್ನ ಕೈಕೆಳಗೆ ಬಂದ ಗಟ್ಟಿಮುಟ್ಟಾದ ಜವಾನರೂ ಇದರಲ್ಲಿ ಸಿಕ್ಕಿಬಿದ್ದಿದ್ದಾರೆ, ಇದರಲ್ಲಿ ನಾಚಿಕೆ ಏನಿಲ್ಲ, ಅಭ್ಯಾಸದಿಂದ ಹೋಗುತ್ತೆ.

ಆಮೇಲೆ ಗಾಳಿ. ಮೇಷ್ಟ್ರು ಹತ್ತು ಮೈಲಿ ಅಂತ ಲೆಕ್ಕಕ್ಕೆ ಇಟ್ಟುಕೊಂಡ್ರು, ಬೆಟ್ಟದಲ್ಲಿ ಗಾಳಿ ಹತ್ತು ಮೈಲಿ ಅಂತ ಬೋರ್ಡ್ ಹಾಕಿಕೊಂಡು ಬರಲ್ಲ. ನೀವು ನಿಂತ ಕಡೆ ಒಂದು ಗಾಳಿ, ಕಣಿವೆ ನಡುವೆ ಇನ್ನೊಂದು, ಆ ದಂಡೆಯಲ್ಲಿ ಮತ್ತೊಂದು. ಮೇ ತಿಂಗಳಲ್ಲಿ ನಮ್ಮ ಎರೆಹೊಲದ ಮೇಲೆ ಬಿಸಿಲ್ಗುದುರೆ ಓಡುತ್ತಲ್ಲ, ಸ್ಕೋಪಿನಲ್ಲಿ ನೋಡಿದ್ರೆ ಅದು ನೀರು ಹರಿದ ಹಾಗೆ ಕಾಣುತ್ತೆ, ಎಡಕ್ಕೆ ಹರಿದ್ರೆ ಗಾಳಿ ಎಡಕ್ಕೆ ಹೋಗ್ತಿದೆ ಅಂತ, ನೇರ ಮೇಲೆ ಕುದೀತಾ ಇದ್ರೆ ಗಾಳಿ ಇಲ್ಲ, ಇಲ್ಲಾಂದ್ರೆ ನಮ್ಮ ಎದುರಿಂದಲೋ ಬೆನ್ನಿಂದಲೋ ಬರ್ತಿದೆ ಅಂತ. ನಾವು ಅದನ್ನ ನೋಡಿ ಗುರಿ ಸರಿ ಮಾಡ್ತಿದ್ವಿ. ಅವರ ಕಡೆ ಚಳಿಗಾಲದ ಬೆಳಗಿನಲ್ಲಿ ಅದು ಎಷ್ಟು ಕಾಣುತ್ತೋ, ಹುಲ್ಲು, ಎಲೆ, ಮಂಜಿನ ಪುಡಿ ನೋಡಿ ಓದಬೇಕಾಗುತ್ತೆ. ಗಾಳಿಯ ಅಂದಾಜಲ್ಲಿ ನಾಲ್ಕೈದು ಮೈಲಿ ತಪ್ಪೋದು ನುರಿತವರಿಗೂ ಆಗುತ್ತೆ. 375ರಲ್ಲಿ ಆ ತಪ್ಪಿನ ಬೆಲೆ ಸುಮಾರು ಒಂದು ಅಡಿ. ಅಲ್ಲಿಗೆ ಗುಂಡು ಹೊಟ್ಟೆಗೆ ಬೀಳುತ್ತೆ.

ಇನ್ನೊಂದು. ಮುಕ್ಕಾಲು ಸೆಕೆಂಡ್ ಅಂದ್ರಲ್ಲ ಮೇಷ್ಟ್ರು, ಅಷ್ಟರಲ್ಲಿ ಮೇಯುತ್ತಿರೋ ಪ್ರಾಣಿ ಒಂದು ಹೆಜ್ಜೆ ಇಟ್ಟರೆ ಮೂರು ಅಡಿ ಮುಂದೆ ಹೋಗಿರುತ್ತೆ. ಬೆರಳು ಎಳೆದ ಮೇಲೆ ಗುಂಡನ್ನ ವಾಪಸ್ ಕರೆಯೋಕೆ ಆಗಲ್ಲ.

ನಾನಾಗಿದ್ರೆ ಹೀಗೆ ಮಾಡ್ತಿದ್ದೆ. ಒಂದು ಜೋಳದ ರೊಟ್ಟಿಯಷ್ಟು ಅಗಲದ ರಟ್ಟು ಕತ್ತರಿಸಿ ಇಡೋದು. ಟೇಬಲ್, ಮರಳ ಚೀಲ ಯಾವುದೂ ಬೇಡ, ಬೆಟ್ಟದಲ್ಲಿ ಹೇಗೆ ಕೂರ್ತಾನೋ ಹಾಗೇ ಕೂತು, ತಣ್ಣಗಿರೋ ನಳಿಗೆಯಿಂದ ದಿನಕ್ಕೆ ಒಂದೇ ಗುಂಡು. ಬೇಟೆಯಲ್ಲಿ ಸಿಗೋದೂ ಅದೇ ಮೊದಲ ಗುಂಡು ಅಲ್ವಾ. ಹತ್ತು ದಿನ ಹತ್ತು ಗುಂಡು, ಹತ್ತೂ ರೊಟ್ಟಿ ಒಳಗೆ ಬಿದ್ದ ದೂರ ಅವನದು. ಒಂಬತ್ತು ಬಿದ್ರೆ ಹತ್ತಿರ ಬರಬೇಕು.

ಚಿಂಚೋಳಿ ಕಾಡಂಚು

ನಡುವೆ ಬಂದೆ ಅಂತ ಬೇಸರ ಮಾಡಿಕೊಳ್ಳಬೇಡಿ. ಇದನ್ನ ಓದೋ ನಮ್ಮ ಹುಡುಗರಿಗೆ ಒಂದು ಮಾತು ಹೇಳಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಅಪರಾಧ. ತೊಗರಿ ಹೊಲಕ್ಕೆ ಬರೋ ಕೃಷ್ಣಮೃಗ ಮೊದಲನೇ ಶೆಡ್ಯೂಲಿನ ಪ್ರಾಣಿ, ಬೆಳೆ ಹಾಳಾಯ್ತು ಅಂತ ಯಾರೂ ಬಂದೂಕು ಎತ್ತೋ ಹಾಗಿಲ್ಲ. ನನ್ನ ಹೊಲದಲ್ಲೂ ಬರುತ್ತವೆ, ನಷ್ಟ ಆಗುತ್ತೆ, ಆದ್ರೂ ಬೆಳಗಿನ ಹೊತ್ತು ಬದುವಿನ ಮೇಲೆ ಕರಿ ಗಂಡು ಕೊಂಬು ಎತ್ತಿ ನಿಂತಿರೋದು ನೋಡಿದ್ರೆ ಕಲ್ಲು ಎಸೆಯೋಕೂ ಮನಸ್ಸು ಬರಲ್ಲ.

ತೊಗರಿಹೊಲ, ಕಲಬುರಗಿ

ಚಿಂಚೋಳಿ ಅಣ್ಣಾ, ನೀವು ಹೇಳಿದ್ದು ಒಳ್ಳೇದಾಯ್ತು. ನಾನು ಕೇಳಿದ್ದು ಅಲ್ಲಿನ ಮಾತು, ಅಲ್ಲಿನ ಕಾನೂನಿನ ಒಳಗೆ. ಅಲ್ಲೂ ನಿಯಮ ಇದೆ, ಎಲ್ಕ್‌ಗೆ ಕನಿಷ್ಠ 85 ಗ್ರೇನ್ ಗುಂಡು, 100 ಗಜದಲ್ಲಿ 1000 ಅಡಿ-ಪೌಂಡ್ ಇರಬೇಕು, ಮೈಮೇಲೆ ಕಣ್ಣು ಕುಕ್ಕೋ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆ ಹಾಕಬೇಕು. ಆದ್ರೆ ಎಷ್ಟು ದೂರದಿಂದ ಹೊಡೀಬಹುದು ಅಂತ ಈ ಲೆಕ್ಕ ಹೇಳಲ್ಲ. ಅದನ್ನ ಹೊಡೆಯೋನೇ ತೀರ್ಮಾನಿಸಬೇಕು. ನನಗೆ ಚಿಂತೆ ಹತ್ತಿದ್ದೂ ಅದಕ್ಕೇ.

ಹಳೇಬಂದೂಕು, ಬೀದರ್

ಬೋರ್‌ವೆಲ್ ತಮ್ಮಾ, ನಿಮ್ಮ ಕುಡು ಕಥೆ ಓದಿದೆ. ನಾನು ಮೊದಲು ಹೇಳಿದ ಮಾತು ವಾಪಸ್ ತಗೋತೀನಿ, 500 ಗಜಕ್ಕೆ ಅದು ಬೇಡ. 200 ಗಜದ ಒಳಗೆ ಅದರಷ್ಟು ನಂಬಿಕೆಯ ಕಾರ್ಟ್ರಿಜ್ ಕಡಿಮೆ ಅನ್ನೋ ಮಾತು ಮಾತ್ರ ಬಿಡಲ್ಲ.

ಹುಮನಾಬಾದ್ ಬೋರ್‌ವೆಲ್

ಅದು ನಿಜ ಅಣ್ಣಾ. ಆ ಹೊಲದ ಮಾಲೀಕರೂ ಅದನ್ನೇ ಇಟ್ಟುಕೊಂಡಿದ್ರು, 150 ಗಜ ದಾಟಿ ಹೊಡೆದಿದ್ದು ನಾನು ನೋಡಿಲ್ಲ.

ತೊಗರಿಹೊಲ, ಕಲಬುರಗಿ

ಮೂರು ವಾರ ಆದ ಮೇಲೆ ಬರೀತಾ ಇದ್ದೀನಿ, ಕ್ಷಮಿಸಿ. ಎಲ್ಲರ ಉತ್ತರವನ್ನೂ ತಮ್ಮನಿಗೆ ಓದಿ ಹೇಳಿದೆ, ಅವನು ಹವಾಲ್ದಾರ್ ಸರ್ ಹೇಳಿದ ಹಾಗೆ ಮಾಡಿದ. ಪಕ್ಕದ ಮನೆಯ ಹಿರಿಯರು ಸಂತೋಷದಿಂದ ಅವನ ಜೊತೆ ರೇಂಜಿಗೆ ಬಂದ್ರಂತೆ, ಡಮ್ಮಿ ರೌಂಡ್ ತುಂಬಿದವರೂ ಅವರೇ. ಏಳನೇ ಸಲಕ್ಕೆ ಡಮ್ಮಿ ಬಂತು, ನಳಿಗೆ ಎರಡು ಬೆರಳು ಕೆಳಕ್ಕೆ ಕುಕ್ಕಿತು. ವಿಡಿಯೋ ಕಳಿಸಿದ್ದಾನೆ, ಅವನ ಕಣ್ಣು ಮುಚ್ಚೋದು ಸ್ಪಷ್ಟ ಕಾಣುತ್ತೆ.

ಆಮೇಲೆ ರೊಟ್ಟಿ ಲೆಕ್ಕ. ಗೆಳೆಯನ 30-06ರಲ್ಲಿ 250 ಗಜಕ್ಕೆ ಹತ್ತಕ್ಕೆ ಹತ್ತು. 300 ಗಜಕ್ಕೆ ಎಂಟು. 375ರಲ್ಲಿ 200 ಗಜಕ್ಕೆ ಆರು. ಇಲ್ಲಿಗೆ 375 ಬೇಡ ಅಂತ ಅವನೇ ಹೇಳಿದ, ನಾನು ಹೇಳಬೇಕಾಗಲಿಲ್ಲ. 300 ವಿಂಚೆಸ್ಟರ್ ಕೂಡ ಈ ವರ್ಷ ತಗೊಳ್ಳಲ್ಲ, ಅದೂ 30-06ಗಿಂತ ಜಾಸ್ತಿಯೇ ಒದೆಯುತ್ತಲ್ಲ. ಗೆಳೆಯನ 30-06ನೇ ತಗೊಂಡು ಹೋಗ್ತಾನೆ, ಕಣಿವೆ ಇಳಿದು ಆ ದಂಡೆ ಹತ್ತೋಕೆ ಎರಡು ಗಂಟೆ ಬೇಕಾದ್ರೂ ಸರಿ, 250 ಗಜದ ಒಳಗೆ ಹೋದ್ರೆ ಮಾತ್ರ ಹೊಡೀತೀನಿ ಅಂದಿದ್ದಾನೆ.

ಹೋದ ಭಾನುವಾರ ಆಳಂದಕ್ಕೆ ಹೋಗಿದ್ದೆ. ಕಾಕಾಗೆ ಮುತ್ಯಾನ ರೈಫಲ್ ತೋರಿಸು ಅಂತ ಕೇಳಿದೆ. ಪೆಟ್ಟಿಗೆ ತೆಗೆದು ಹಳೇ ಧೋತರದಲ್ಲಿ ಸುತ್ತಿಟ್ಟಿದ್ದನ್ನ ಬಿಚ್ಚಿದರು. ಅದಕ್ಕೆ ಸ್ಕೋಪ್ ಇಲ್ಲ. ನಳಿಗೆ ಮೇಲೆ ಗುರಿ ನೋಡೋ ಸಣ್ಣ ತಗಡಿನ ಎಲೆಗಳು ಮೂರು ಇವೆ, ಒಂದು ನಿಂತೇ ಇರುತ್ತೆ, ಇನ್ನೆರಡು ಮಡಚಿ ಮಲಗಿರುತ್ತವೆ, ಬೇಕಾದಾಗ ಬೆರಳಿಂದ ಎತ್ತಿ ನಿಲ್ಲಿಸಬೇಕು. ಮೇಲೆ 100, 200, 300 ಅಂತ ಕೊರೆದಿದೆ, ಅದಾದ ಮೇಲೆ ಏನೂ ಇಲ್ಲ. 100ರ ಎಲೆ ಉಜ್ಜಿ ಉಜ್ಜಿ ಬೆಳ್ಳಗಾಗಿದೆ. 200ರದು ಸುಲಭವಾಗಿ ಎದ್ದಿತು. 300ರ ಎಲೆ ಏಳಲೇ ಇಲ್ಲ, ಕೀಲಿನಲ್ಲಿ ಹಳೇ ಎಣ್ಣೆ ಮೇಣದ ಹಾಗೆ ಗಟ್ಟಿಯಾಗಿತ್ತು. ಕಾಕಾ ಸೀಮೆಎಣ್ಣೆ ಹನಿಸಿ ಸೂಜಿಯಿಂದ ಬಿಡಿಸಿದರು. ಆ ಎಲೆಯ ಕೆಳಗಿನ ಕಪ್ಪು ಬಣ್ಣ ಇನ್ನೂ ಹೊಸದರ ಹಾಗೇ ಇತ್ತು.